ಅಪ್ಪಯ್ಯನ ತೇಜಸ್ಸು

ದಿನಚರಿ ಬರೆಯುವವರಿಗೆ ಒಂದು ಜಂಬ ಇರುತ್ತದೆ: ತಾವು ಬರೆದಿಟ್ಟದ್ದೆಲ್ಲ ತಮಗೆ ಅರ್ಥವೂ ಆಗಿದೆ ಎಂಬ ಜಂಬ. ನನಗೆ ಅದು ತುಸು ಹೆಚ್ಚೇ ಇತ್ತು. ಕೊಪ್ಪದ ಕಚೇರಿಯೊಂದರಲ್ಲಿ ಹಗಲೆಲ್ಲ ಲೆಕ್ಕ ಬರೆದು, ಸಂಜೆ ಬಸ್ಸಿಳಿದು ಅಡ್ಡಗದ್ದೆಯ ಮನೆ ಸೇರಿದ ಮೇಲೂ ಲೆಕ್ಕ ಬರೆಯುವವಳು ನಾನು. ಬಸ್ಸು ಎಷ್ಟು ತಡವಾಯಿತು, ಹಾಲು ಎಷ್ಟು ಉಕ್ಕಿ ಚೆಲ್ಲಿತು, ಅಮ್ಮ ಎಷ್ಟು ಸಲ ನಿಟ್ಟುಸಿರು ಬಿಟ್ಟಳು, ಯಾವುದನ್ನೂ ಬಿಡುವುದಿಲ್ಲ. ಬರೆದದ್ದನ್ನು ತಿರುಗಿ ಓದುವ ಅಭ್ಯಾಸ ಮಾತ್ರ ಇಲ್ಲ.

ನಮ್ಮ ಅಪ್ಪಯ್ಯ ಪುರೋಹಿತರು. ಪುರೋಹಿತರಿಗೆ ಮಂಡಿ ಎಂದರೆ ಬಸ್ಸಿಗೆ ಚಕ್ರ ಇದ್ದ ಹಾಗೆ. ಮಂತ್ರ ಎಷ್ಟು ಬಂದರೇನು, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರಲು ಆಗದಿದ್ದರೆ ಮುಗಿಯಿತು. ಕಳೆದ ವರ್ಷ ಅವರ ಎರಡೂ ಮಂಡಿ ಹಟ ಹಿಡಿದವು. ಮಂಗಳಾರತಿಗೆ ಏಳಬೇಕಾದರೆ ಇಬ್ಬರು ಕೈ ಹಿಡಿದೆತ್ತಬೇಕು. ಊಟಕ್ಕೂ ನೆಲದ ಪಂಕ್ತಿ ಬಿಟ್ಟು ಟೇಬಲ್ಲಿಗೆ ಹೋಗುವಂತಾಯಿತು. ನಮ್ಮ ಕಡೆ ಪುರೋಹಿತರು ಟೇಬಲ್ಲಿಗೆ ಹೋದರೆಂದರೆ ನಿವೃತ್ತಿಯ ಅರ್ಜಿ ಕೊಟ್ಟರು ಎಂದೇ ಅರ್ಥ. ಕೊಪ್ಪದ ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಅಪ್ಪಯ್ಯ ದೇವರ ಗೂಡಿನ ಪಕ್ಕ ಭದ್ರವಾಗಿ ಇಟ್ಟರು, ನುಂಗಲಿಲ್ಲ. "ಇಂಗ್ಲಿಷ್ ಮದ್ದು ಹೀಟು ಮಾರಾಯ್ತಿ. ಹೊಟ್ಟೆ ಸುಟ್ಟು ಹೋಗ್ತದೆ" ಎಂದರು.

ಆಗ ನಮ್ಮ ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ಯಜಮಾನರೊಬ್ಬರು ಸತ್ಯನಾರಾಯಣ ಪೂಜೆಯ ದಕ್ಷಿಣೆಯ ಜೊತೆಗೆ ಮಂಡಿನೋವಿಗೆಂದು ಒಂದು ಸೀಸೆ ಗುಳಿಗೆ ಕೊಟ್ಟರು. ಅವರ ತಂಗಿ ವಿದೇಶದಿಂದ ತಂದದ್ದಂತೆ. "ಬರೀ ಬೇರು, ಸೊಪ್ಪು. ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ ಭಟ್ರೇ" ಎಂದರಂತೆ. ಸೀಸೆಯ ಸುತ್ತ ಹಸಿರು ಎಲೆಗಳ ಚಿತ್ರ, ನಡುವೆ ಯಾವುದೋ ದೇಶದ ಲಿಪಿ. ತಾಳೆಗರಿ ಓದಬಲ್ಲ ಅಪ್ಪಯ್ಯನಿಗೂ ಅದರ ಒಂದಕ್ಷರ ತಿಳಿಯಲಿಲ್ಲ. ಅದರಿಂದ ಅನುಮಾನ ಬರುವ ಬದಲು ಭಕ್ತಿ ಬಂತು. ಇಷ್ಟು ಅರ್ಥವಾಗದ್ದು ಬಹಳ ಪ್ರಾಚೀನವೇ ಇರಬೇಕು ಎಂದು ನಾನೂ ತಲೆಯಾಡಿಸಿದೆ.

ಗುಳಿಗೆ ನುಂಗತೊಡಗಿದ ಮೂರನೇ ದಿನ ಅಪ್ಪಯ್ಯ ಪೂಜೆ ಮುಗಿಸಿ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ಎದ್ದವರು ತಮ್ಮ ಕಾಲನ್ನೇ ಒಮ್ಮೆ ನೋಡಿಕೊಂಡರು, ಬೇರೆ ಯಾರದೋ ಕಾಲು ಎಂಬಂತೆ. ಅಲ್ಲಿಂದ ಶುರುವಾಯಿತು ಅವರ ವೈಭವ. ಟೇಬಲ್ಲು ಬಿಟ್ಟು ಪಂಕ್ತಿಗೆ ಬಂದರು. ಎರಡು ಹೋಳಿಗೆಗೆ ಕೈ ಅಡ್ಡ ಹಿಡಿಯುತ್ತಿದ್ದವರು ಏಳಕ್ಕೂ ಹಿಡಿಯಲಿಲ್ಲ. ಬಡಿಸುವವರಿಗೆ ಪರಮಾನಂದ. ಕೆನ್ನೆ ತುಂಬಿತು, ಮುಖ ಹುಣ್ಣಿಮೆ ಚಂದ್ರನಂತೆ ದುಂಡಗಾಯಿತು. ಕಿಗ್ಗದ ಉಪನಯನವೊಂದರಲ್ಲಿ ಹೆಂಗಸರು ಪಿಸುಗುಟ್ಟಿದರು: "ಎಂಥ ತೇಜಸ್ಸು ಮಾರಾಯ್ತಿ ಭಟ್ರ ಮುಖದಲ್ಲಿ! ಜಪ ಜಾಸ್ತಿ ಮಾಡ್ತಿದಾರೆ ಕಾಣ್ತದೆ." ತೇಜಸ್ಸಿನ ಸುದ್ದಿ ಹಬ್ಬಿದಂತೆ ಪೂಜೆಗಳೂ ಹೆಚ್ಚಿದವು. ನಾನು ಎಲ್ಲವನ್ನೂ ಸಂಭ್ರಮದಿಂದ ಬರೆದಿಟ್ಟೆ.

ಅಮ್ಮ ಮಾತ್ರ ಒಪ್ಪಲಿಲ್ಲ. ಅಪ್ಪಯ್ಯನ ಬೆರಳಿಂದ ಮದುವೆಯ ಉಂಗುರ ಹೊರಬರುತ್ತಿರಲಿಲ್ಲ. ನಿದ್ದೆಯೂ ಇಲ್ಲದೆ ಅವರು ಸಣ್ಣದಕ್ಕೆಲ್ಲ ಸಿಡುಕುತ್ತಿದ್ದರು. "ತೇಜಸ್ಸು ಬೆರಳಿಗೂ ಬರ್ತದಾ? ಅದು ಊತ ಕಣೇ" ಎಂದಳು ಅಮ್ಮ. ನಾನು ನಕ್ಕೆ.

ಹೀಗೇ ಒಂದಾದ ಮೇಲೊಂದು ತರಿಸಿಕೊಂಡು ತಿಂಗಳುಗಳು ಕಳೆದ ಮೇಲೆ, ಕೈಯಲ್ಲಿದ್ದ ಸೀಸೆ ಖಾಲಿಯಾಯಿತು. ಇನ್ನೊಂದು ಬರುವುದು ತಡವಾಯಿತು. ನಾಲ್ಕಾರು ದಿನ ಕಳೆದು ಒಂದು ಗೃಹಪ್ರವೇಶದಲ್ಲಿ ಅಪ್ಪಯ್ಯ ಸಂಕಲ್ಪ ಹೇಳುತ್ತ ಹೇಳುತ್ತಲೇ ವಾಲಿದರು. ವಾಂತಿ, ಬೆವರು, ಮಾತೇ ಇಲ್ಲ. ಕಾರಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಆ ದುಂಡು ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೊಪ್ಪದ ತನಕ ನಾನು ಏನನ್ನೂ ಲೆಕ್ಕ ಹಾಕಲಿಲ್ಲ.

ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟು, ಅಪ್ಪಯ್ಯ ಕಣ್ಣು ಬಿಟ್ಟ ಮೇಲೆ ಡಾಕ್ಟರು ನನ್ನನ್ನು ಕರೆದರು. ಔಷಧಿಯ ಮಹಿಮೆಯನ್ನು ನಾನು ಕ್ರಮವಾಗಿ ಒಪ್ಪಿಸಿದೆ: ನೋವು ಹೋಯಿತು, ಹಸಿವು ಬಂತು, ಮುಖ ತುಂಬಿತು, ನಿದ್ದೆಯೇ ಬೇಡವಾಯಿತು.

"ನೀವು ಹೇಳ್ತಿರೋದು ಗುಣ ಆದದ್ದರ ಪಟ್ಟಿ ಅಲ್ಲಮ್ಮ, ಕಾಯಿಲೆಯ ಪಟ್ಟಿ. ಶುಗರ್ ನೋಡಿ ಎಲ್ಲಿಗೆ ಹೋಗಿದೆ" ಎಂದರು ಡಾಕ್ಟರು. "ಅದರೊಳಗೆ ಸ್ಟೀರಾಯ್ಡ್ ಬೆರೆಸಿರಬೇಕು. ಅದನ್ನ ದಿನಾ ನುಂಗಿದ್ರೆ ಮೈ ತನಗೆ ಬೇಕಾದ ಸ್ಟೀರಾಯ್ಡನ್ನ ತಾನೇ ತಯಾರು ಮಾಡೋದನ್ನೇ ನಿಲ್ಲಿಸಿಬಿಡ್ತದೆ. ಆಮೇಲೆ ಒಮ್ಮೆಲೇ ಬಿಟ್ರೆ ಹೀಗೆ ಬೀಳ್ತಾರೆ. ಜೀವಕ್ಕೇ ಬರ್ತಿತ್ತು."

"ಆದ್ರೆ ಸೀಸೆ ಮೇಲೆ ಬರೀ ಎಲೆ ಇತ್ತು ಡಾಕ್ಟ್ರೇ."

"ಅದೇ ತೊಂದ್ರೆ. ಸ್ಟೀರಾಯ್ಡ್ ಅಂತ ಬರೆದಿದ್ರೆ ಭಟ್ರು ಮುಟ್ತಿರಲಿಲ್ಲ."

ರಕ್ತ ಪರೀಕ್ಷೆಗೆಂದು ಬೇರೆ ಊರಿಗೆ ಹೋಗಿ, ವರದಿ ಬಂತು. ಡಾಕ್ಟರ ಅನುಮಾನ ಸರಿಯಾಗಿತ್ತು. ಇಂಗ್ಲಿಷ್ ಮದ್ದು ಮುಟ್ಟದ ಅಪ್ಪಯ್ಯ ತಿಂಗಳುಗಟ್ಟಲೆ ಅದನ್ನೇ ಎಲೆಯ ವೇಷದಲ್ಲಿ ನುಂಗಿದ್ದರು! ಈಗ ಅದೇ ಸ್ಟೀರಾಯ್ಡನ್ನು ಹೆಸರು ಹೇಳಿ ಬರೆದುಕೊಟ್ಟು, ಡಾಕ್ಟರು ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತಿದ್ದಾರೆ. ಮಾತ್ರೆ ಇಳಿದಂತೆ ತೇಜಸ್ಸೂ ಇಳಿಯಿತು. ಮಂಡಿನೋವು ತನ್ನ ಜಾಗಕ್ಕೆ ಮರಳಿತು.

ಕೇಳಿದವರಿಗೆಲ್ಲ ನಾನು ಎಚ್ಚರಿಕೆ ಹೇಳತೊಡಗಿದೆ. ದಿನ ದಿನದ ವಿವರ ಸಹಿತ, ಒಂದೂ ಬಿಡದೆ. ಜನ ಕಣ್ಣರಳಿಸಿ ಕೇಳಿ, ಕೊನೆಗೆ ದನಿ ತಗ್ಗಿಸುತ್ತಿದ್ದರು: "ಮೂರೇ ದಿನಕ್ಕೆ ಎದ್ದು ನಿಂತ್ರಾ? ಒಂದು ಸೀಸೆ ಸಿಗ್ತದಾ?" ಆ ಕಂಪನಿಗೆ ನನ್ನಷ್ಟು ಶ್ರದ್ಧೆಯ ಪ್ರಚಾರಕರು ಸಂಬಳಕ್ಕೂ ಸಿಗಲಿಕ್ಕಿಲ್ಲ. ಅಮ್ಮ ಆಜ್ಞೆ ಮಾಡಿದಳು: "ಇನ್ನು ಮೇಲೆ ವಾಂತಿಯಿಂದ ಶುರು ಮಾಡು. ಅಲ್ಲಿಗೇ ನಿಲ್ಸು."

ಹಾಗೇ ಮಾಡುತ್ತಿದ್ದೇನೆ. ಆದರೆ ಮೊನ್ನೆ ಅಪ್ಪಯ್ಯ ಮಂಗಳಾರತಿ ಮುಗಿಸಿ, ನನ್ನ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟು ಎದ್ದು, ಕುರ್ಚಿಯಲ್ಲಿ ಕುಸಿದರು. ಮತ್ತೆ ಆ ಸೀಸೆಯ ಯೋಚನೆಯೇನಾದರೂ ಬಂದೀತೆಂದು ನಾನು ವಾಂತಿಯಿಂದ ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು.

"ಅದೆಲ್ಲ ಗೊತ್ತು ಮಾರಾಯ್ತಿ. ಅದನ್ನ ಇನ್ನು ಮುಟ್ಟಲ್ಲ. ಆ ಮೂರನೇ ದಿನದ್ದು ಇದೆಯಲ್ಲ, ಅದೊಂದು ಹೇಳು."

ಅಮ್ಮ ಅಡುಗೆಮನೆಯಲ್ಲಿದ್ದಾಳೆಂದು ಖಚಿತಪಡಿಸಿಕೊಂಡು, ಹೇಳಿದೆ. ಸ್ವಲ್ಪ ಸೇರಿಸಿಯೇ ಹೇಳಿದೆ.