ರಣಹದ್ದಿಗೆ ಕುಂಕುಮ ಇಡದ ತಪ್ಪಿಗೆ

ಭದ್ರಾವತಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ನನಗೆ, ಹಕ್ಕಿಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲ ಎಂಬ ದೃಢ ನಂಬಿಕೆಯಿತ್ತು. ಶಿವಮೊಗ್ಗದ ಹೊರಗಿನ ಪಕ್ಷಿ ಆರೈಕೆ ಕೇಂದ್ರದವರು ಕರೆದಾಗ ಸ್ಕೂಟರ್ ತೊಳೆಸಿಕೊಂಡೇ ಹೊರಟೆ. ಅಲ್ಲಿ ಎರಡು ರಣಹದ್ದುಗಳಿದ್ದವು. ದೇಶದಲ್ಲೆಲ್ಲ ರಣಹದ್ದು ಅಳಿಯುತ್ತಿದ್ದ ಕಾಲ. ಇವೆರಡು ಗಂಡು-ಹೆಣ್ಣಾದರೆ ಸಂತಾನವಾದೀತು. ಇಲ್ಲದಿದ್ದರೆ ಒಂದನ್ನು ಬೇರೆ ಊರಿಗೆ ಕಳಿಸಿ ಜೋಡಿ ಹುಡುಕಬೇಕು. ನೋಡಿ ಹೇಳೋಣವೆಂದರೆ ಎರಡೂ ತದ್ರೂಪು! ಒಂದೊಂದು ಗರಿಯನ್ನು ಬುಡಸಮೇತ ಕಿತ್ತು ಲ್ಯಾಬಿಗೆ ಕಳಿಸಿದರೆ ಡಿಎನ್‌ಎ ನೋಡಿ ಹೇಳುತ್ತಾರೆ.

ಹೊರಡುವಾಗ ಹೆಂಡತಿ ಗಿರಿಜ, "ರೀ, ಮೊದಲನೇದಕ್ಕೆ ಒಂದು ಬೊಟ್ಟು ಕುಂಕುಮ ಇಟ್ಬಿಡಿ. ಆಮೇಲೆ ಯಾವುದು ಯಾವುದು ಅಂತ ಗೊತ್ತಾಗಲ್ಲ" ಎಂದಳು.

"ಇದು ವಿಜ್ಞಾನ ಮಾರಾಯ್ತಿ, ಅರಿಶಿನ-ಕುಂಕುಮ ಅಲ್ಲ!"

"ಹೋದ್ಸಲ ಮದ್ವೆ ಮನೆಯಿಂದ ಬೇರೆಯವರ ಚಪ್ಪಲಿ ಹಾಕ್ಕೊಂಡು ಬಂದವರು ಯಾರು?"

ನಾನು ಸ್ಕೂಟರಿನ ಕಿಕ್ ಒದ್ದು ಹೊರಟೆ.

ಕೇಂದ್ರದಲ್ಲಿ ಹಕ್ಕಿಗಳನ್ನು ನೋಡಿಕೊಳ್ಳುವ ಹಾಲಪ್ಪ ಗೋಣಿಚೀಲ ಹಾಕಿ ಒಂದನ್ನು ಹಿಡಿದ. ಗರಿ ಕಿತ್ತೆ. ಬಿಟ್ಟ ಕೂಡಲೇ ಅದು ಹೋಗಿ ಇನ್ನೊಂದರ ಪಕ್ಕ ಕೂತಿತು. ನಾನು ಕವರಿಗೆ ಗೋಂದು ಹಚ್ಚಿ, ಮುತ್ತಿನಂಥ ಅಕ್ಷರದಲ್ಲಿ 'ಒಂದು' ಎಂದು ಬರೆದು, ತಲೆ ಎತ್ತಿ, "ಈಗ ಆ ಬಲಗಡೇದು ಹಿಡಿ" ಎಂದೆ.

"ಸಾರ್, ಈಗ ಕಿತ್ತಿದ್ದು ಅದ್ರದ್ದೇ ಅಲ್ವಾ?"

"ಓದಿದವನು ನಾನೋ ನೀನೋ?"

ಹಾಲಪ್ಪ ತೆಪ್ಪಗೆ ಹಿಡಿದ. ಹದ್ದು ನನ್ನನ್ನು ದುರುಗುಟ್ಟಿದ್ದು ನೋಡಿಯಾದರೂ ನಾನು ಅರ್ಥ ಮಾಡಿಕೊಳ್ಳಬೇಕಿತ್ತು.

ವರದಿ ಬಂತು: ಎರಡೂ ಹೆಣ್ಣು! ಒಂದನ್ನು ಕೂಡಲೇ ಸಾಗಿಸತಕ್ಕದ್ದು ಎಂದು ಮೂರು ಪುಟ ಶಿಫಾರಸು ಬರೆದೆ. ಅಷ್ಟರಲ್ಲಿ ಗೂಡಿನಲ್ಲಿ ಮೊಟ್ಟೆ ಕಾಣಿಸಿತು. ಗಂಡಿಲ್ಲದ ಮೊಟ್ಟೆ, ಮರಿಯಾಗದು ಎಂದು ನಾಲ್ಕನೇ ಪುಟ ಸೇರಿಸಿದೆ.

"ಜೋಡಿ ಬಿಡಿಸ್ಬೇಡಿ ಸಾರ್, ಎರಡೂ ಸರದಿ ಮೇಲೆ ಕಾವು ಕೊಡ್ತಾವೆ" ಎಂದು ಹಾಲಪ್ಪ ಅಂಗಲಾಚಿದ. ಡಿಎನ್‌ಎಗಿಂತ ಹಾಲಪ್ಪ ದೊಡ್ಡವನೇ?

ಸಾಗಿಸುವ ವ್ಯಾನು ಬಂದದ್ದು ಎರಡು ತಿಂಗಳು ತಡವಾಗಿ. ಅದೇ ಬೆಳಿಗ್ಗೆ ಗೂಡಿನಿಂದ ಕೀಚಲು ಸದ್ದು. ಮರಿ! ಒಂದೇ ಹೆಣ್ಣಿನ ಗರಿಯನ್ನು ಎರಡು ಕವರಿನಲ್ಲಿ ಕಳಿಸಿದ್ದೆ! ವ್ಯಾನು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಆ ಮರಿಯ ಗತಿ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರಿ ಬಲಿತ ಮೇಲೆ, ಗಂಡು ಯಾವುದು ಹೆಣ್ಣು ಯಾವುದು ಎಂದು ದಾಖಲೆ ತಿದ್ದಲು ಮರುಪರೀಕ್ಷೆ. ಈ ಸಲ ಗಿರಿಜ ಕುಂಕುಮದ ಭರಣಿ ಹಿಡಿದು ತಾನೂ ಸ್ಕೂಟರ್ ಹತ್ತಿದಳು. ಮೊದಲ ಗರಿ ಕಿತ್ತದ್ದೇ ತಡ, ಹಾಲಪ್ಪ ಹದ್ದಿನ ನೆತ್ತಿಗೆ ಬೊಟ್ಟಿಟ್ಟ. ಗಿರಿಜ ಭರಣಿ ಇಸಿದುಕೊಂಡು ನನ್ನ ಹಣೆಗೂ ಒಂದು ಇಟ್ಟಳು.

"ಗೊಂದಲ ಬೇಡ ಹಾಲಪ್ಪ, ಇದು ನಮ್ಮನೇದು!"

ಅಳಿಸಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ.