ಬೇವಿನ ಮರದ ದಾವೆಯೂ ಸಮತಾಳ ಮೂರು ವರ್ಷವೂ

ಸೋಮವಾರ ಬೆಳಿಗ್ಗೆ ಹತ್ತಿಮತ್ತೂರಿನ ಹೊಲವೊಂದರ ಬದುವಿನ ಮೇಲಿದ್ದ ಬೇವಿನ ಮರ ಬಿದ್ದಿತು. ಇದರಿಂದ ಸಮತಾ ನ್ಯಾಯಾಧೀಶೆಯಾಗುವ ಅರ್ಹತೆಗೆ ಧಕ್ಕೆ ಬಂತು.

ಮರ ತನ್ನದೆಂದು ದಾವೆ ಹೂಡಿದವನು ಲಕ್ಕಪ್ಪ. ಪ್ರತಿವಾದಿ ಪಕ್ಕದ ಹೊಲದ ಸಾವಂತ್ರವ್ವ. ಸಾವಂತ್ರವ್ವನ ಪರ ವಕೀಲೆ ಸಮತಾ. ಕಾನೂನು ಪದವಿ ಮುಗಿಸಿದ ಮೇಲೆ ಅವಳಿಗೆ ಸಿಕ್ಕ ದಾವೆ ಅದೊಂದೇ. ನ್ಯಾಯಾಧೀಶರ ಪರೀಕ್ಷೆಗೆ ಕೂರಲು ಮೂರು ವರ್ಷ ವಕೀಲಿ ಮಾಡಿರಬೇಕು. ಆಗಿದ್ದುದು ಎರಡು ವರ್ಷ ಐದು ತಿಂಗಳು. ಮರ ಇನ್ನೇಳು ತಿಂಗಳು ತಡೆಯಲಿಲ್ಲ.

ಬುಧವಾರ ವಾದಿ ಮತ್ತು ಪ್ರತಿವಾದಿ ಒಂದೇ ಬೈಕಿನಲ್ಲಿ ಸವಣೂರಿಗೆ ಬಂದರು. ಸಮತಾಳ ಹಿರಿಯ ವಕೀಲ ಗುಡ್ಡಪ್ಪನವರ ಆಫೀಸಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತರು.

“ಮರ ಬಿತ್ರಿ. ಕಟಿಗಿ ಅರ್ಧರ್ಧ ಹಂಚಿಕೊಂಡ್ವಿ,” ಎಂದ ಲಕ್ಕಪ್ಪ. “ರಾಜಿ ಬರದು ಕೊಡ್ರಿ.”

“ಕಟಿಗಿ ಒಡ್ಯಾಕ ಇವನ ಮಗ ಸಾಗರ ಬಂದಿದ್ದ. ನನ್ನ ಮಗಳು ಮಂಜುಳಾ ಚಾ ಕೊಟ್ಟಳು,” ಎಂದಳು ಸಾವಂತ್ರವ್ವ. “ಈಗ ಮದಿವಿ ಮಾಡೂದೊಂದ ಬಾಕಿ.”

ಸಮತಾ ಪೆನ್ನಿನ ಮುಚ್ಚಳ ಹಾಕಿದಳು. ಗುಡ್ಡಪ್ಪನವರು ಅನುಭವ ಪರಿಶೀಲನಾ ಶಾಖೆಯ ಸುತ್ತೋಲೆ ತೆಗೆದು ಓದಿದರು: “ಅಭ್ಯರ್ಥಿಯು ನಡೆಸುತ್ತಿರುವ ವ್ಯಾಜ್ಯವು ಅವಧಿಗೆ ಮುನ್ನ ಇತ್ಯರ್ಥವಾದಲ್ಲಿ, ಸದರಿ ಅಭ್ಯರ್ಥಿಯ ಅನುಭವವೂ ಇತ್ಯರ್ಥವಾದಂತೆ ಭಾವಿಸತಕ್ಕದ್ದು.”

“ಅಂದ್ರ?” ಎಂದ ಲಕ್ಕಪ್ಪ.

“ನೀವು ಕೂಡಿದ್ರ ಈ ಹುಡುಗಿ ಜಡ್ಜ್ ಆಗೂದಿಲ್ಲ.”

“ನಾವು ಜಗಳಾಡಿದ್ರ ಇಕಿ ನ್ಯಾಯ ಕಲೀತಾಳೇನ್ರಿ?”

“ಆದೇಶದಾಗ ಹಂಗ ಐತಿ.”

ಸಾವಂತ್ರವ್ವ ಸಮತಾಳ ಕಡೆ ನೋಡಿದಳು. ರೇಷನ್ ಕಾರ್ಡಿನ ಅರ್ಜಿ, ಪಹಣಿ ತಿದ್ದುಪಡಿ, ಗ್ಯಾಸಿನ ಪುಸ್ತಕ, ಎಲ್ಲ ಆ ಹುಡುಗಿಯೇ ಬರೆದುಕೊಟ್ಟಿದ್ದಳು. ಒಂದು ರೂಪಾಯಿಯನ್ನೂ ಕೇಳಿರಲಿಲ್ಲ.

“ಆತು ಬಿಡವಾ. ಏಳು ತಿಂಗಳ ಇವನ ಮಾರಿ ನೋಡೂದಿಲ್ಲ.”

“ನನಗೇನೂ ಲುಕ್ಸಾನ ಇಲ್ಲಕ್ಕ,” ಎಂದ ಲಕ್ಕಪ್ಪ.

ಗುಡ್ಡಪ್ಪನವರು ನಿಬಂಧನೆಗಳನ್ನು ಬರೆದರು. ಸವಣೂರು ತಾಲ್ಲೂಕಿನ ಹದ್ದಿನೊಳಗೆ ಉಭಯತರು ಮಾತಾಡಕೂಡದು. ಸಂತೆಯ ದಿನ ಇಬ್ಬರು ಸಾಕ್ಷಿಗಳ ಎದುರು ಒಮ್ಮೆ ಬೈದಾಡತಕ್ಕದ್ದು. ಬೈಗುಳ ಸತ್ತ ಹಿರಿಯರವರೆಗೆ ಹೋಗಬಾರದು. ಮದುವೆಯ ಮಾತುಕತೆ ಇದ್ದಲ್ಲಿ ಬಂಕಾಪುರದಲ್ಲಿ ನಡೆಸುವುದು. ಅದು ಶಿಗ್ಗಾಂವಿ ತಾಲ್ಲೂಕು.

ಅಂದಿನಿಂದ ವಾರಕ್ಕೊಮ್ಮೆ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂಕಾಪುರಕ್ಕೆ ಹೋಗಿ, ಒಂದೇ ಹೋಟೆಲಿನಲ್ಲಿ ಚಹಾ ಕುಡಿದು, ಬೇರೆ ಬೇರೆ ಬಸ್ಸಿನಲ್ಲಿ ಮರಳಿದರು. ಊರು ಸಹಕರಿಸಿತು. ಹಿಟ್ಟಿನ ಗಿರಣಿಯಲ್ಲಿ ಇಬ್ಬರೂ ಎದುರಾಗಿ ನಕ್ಕುಬಿಟ್ಟರೆ, ಗಿರಣಿಯ ಫಕ್ಕೀರವ್ವ ಮೆಲ್ಲಗೆ “ತಾಲ್ಲೂಕು, ತಾಲ್ಲೂಕು” ಎಂದು ನೆನಪಿಸುತ್ತಿದ್ದಳು. ಸಮತಾ ಸಂತೆಯ ಬೈದಾಟಗಳನ್ನು ದಿನಾಂಕ ಸಹಿತ ಬರೆದಿಟ್ಟಳು.

ಅವಧಿಗೆ ಮೂರು ವಾರ ಬಾಕಿಯಿರುವಾಗ ಸಾಗರ, ಮಂಜುಳಾರ ಮದುವೆ ಬಂತು. ಮುಹೂರ್ತ ಮುಂದೂಡಲು ಅಯ್ನೋರು ಒಪ್ಪಲಿಲ್ಲ. ತಾಲ್ಲೂಕಿನ ಹೊರಗೆ ಇರಲೆಂದು ಹಿರೇಕೆರೂರು ಕಡೆಯ ಅಬಲೂರಿನ ಗುಡಿಯಲ್ಲಿ ಮದುವೆ ಇಟ್ಟುಕೊಂಡರು. ಅನುಭವ ಪರಿಶೀಲನಾ ಶಾಖೆಯ ನಿರೀಕ್ಷಕ, ಹಾನಗಲ್ಲಿನ ಮುಸ್ತಾಕ, ಅಲ್ಲಿಗೇ ಬಂದ. ಬೀಗರು ಪರಸ್ಪರ ಬಟ್ಟೆ ಕೊಟ್ಟು ಆಯೇರಿ ಮಾಡುವ ಹೊತ್ತು ಅದು.

“ವಾದಿ ಪ್ರತಿವಾದಿಗೆ ಸೀರಿ ಕೊಡಾಕತ್ತಾನ,” ಎಂದ ಮುಸ್ತಾಕ. “ಇದು ರಾಜಿ ಅಲ್ದ ಮತ್ತೇನ್ರಿ?”

ಈ ಮನುಷ್ಯ ಒಂದು ಸಾಲು ಬರೆದರೆ, ಮತ್ತೆ ಹೊಸ ದಾವೆ, ಮತ್ತೆ ಮೂರು ವರ್ಷ. ಕೋರ್ಟಿನಲ್ಲಿ ಅವಳಿಗೆ ಇದುವರೆಗೆ ವಾದ ಮಾಡುವ ಸಂದರ್ಭ ಬಂದಿರಲಿಲ್ಲ. ಈಗ ಬಂತು.

“ಬೀಗರಾದ್ರ ರಾಜಿ ಆದಂಗ ಅಂತ ಯಾವ ಕಾನೂನಿನಾಗ ಐತ್ರಿ? ಮರದ ಜಗಳ ಮರ ಬಿದ್ರ ಮುಗೀತೈತಿ. ಬೀಗರ ಜಗಳಕ್ಕ ಕೊನಿ ಎಲ್ಲೈತಿ? ನಿಮಗೂ ಬೀಗರು ಇರಬೇಕಲ್ರಿ.”

ಮುಸ್ತಾಕ ಪೆನ್ನು ಕೆಳಗಿಟ್ಟ.

“ಮೂರು ಕಡೆ ಅದಾರ,” ಎಂದ. ಪೆನ್ನು ಮತ್ತೆ ಕೈಗೆತ್ತಿಕೊಂಡ. “ಆದ್ರೂ ಪುರಾವೆ ಬೇಕ್ರಿ.”

ಅಷ್ಟರಲ್ಲಿ ಸಾವಂತ್ರವ್ವ ಸೀರೆ ಬಿಡಿಸಿ ಮೊಳ ಹಾಕಿದಳು.

“ಏನ ಲಕ್ಕಪ್ಪಾ, ಇದು ಸೀರಿಯೋ, ತಲಿಗಿ ಸುತ್ತೂ ರುಮಾಲೋ?”

“ನೀ ಕೊಟ್ಟ ಧೋತರದಾಗ ಹಿಟ್ಟು ಸಾಣಿಸಬೌದು. ನಾ ಏನರ ಅಂದ್ನ್ಯಾ?”

“ಅನ್ನಾಕ ನಿನಗ ಬಾಯಿ ಎಲ್ಲೈತಿ? ನಿಮ್ಮ ಮಂದಿ ಮುಂಜಾನಿಯಿಂದ ಉಪ್ಪಿಟ್ಟು ತಿನ್ನಾಕತ್ತಾರ, ಇನ್ನೂ ಬಾಯಿ ಮುಚ್ಚಿಲ್ಲ.”

ಇದು ನಿಬಂಧನೆಯ ಪ್ರಕಾರದ ಬೈದಾಟವಾಗಿರಲಿಲ್ಲ. ಊಟದ ಪಂಕ್ತಿ ಏಳುವವರೆಗೂ ನಡೆಯಿತು. ಸತ್ತ ಹಿರಿಯರೂ ಬಂದು ಹೋದರು. ಮುಸ್ತಾಕ ಎಲೆಯಲ್ಲಿದ್ದ ಸಿಹಿ ಮಾದಲಿ ತಿಂದು ಮುಗಿಸಿ, ಕೈತೊಳೆದು, ವರದಿ ಬರೆದ: “ಉಭಯತರ ವೈಮನಸ್ಯವು ಸಜೀವವಾಗಿದ್ದು, ಮುಂದಿನ ತಲೆಮಾರಿಗೂ ಸಾಲುವಂತಿದೆ. ಅಭ್ಯರ್ಥಿಯ ಅನುಭವ ತೃಪ್ತಿಕರ.”

ಮೂರು ವಾರದ ನಂತರ ಸಮತಾಳಿಗೆ ಪ್ರಮಾಣಪತ್ರ ಬಂತು. ಪರೀಕ್ಷೆ ಬರೆದಳು, ಪಾಸಾದಳು, ಬೇರೆ ಜಿಲ್ಲೆಯಲ್ಲಿ ನ್ಯಾಯಾಧೀಶೆಯಾದಳು.

ಮೊದಲ ದಿನ ಅವಳೆದುರು ಬಂದದ್ದು ಗುಲ್ನಾರ ಮತ್ತು ಜನ್ನತಬಿ ಎಂಬ ನೆರೆಮನೆಯವರ ಗೋಡೆಯ ದಾವೆ. ಇಬ್ಬರೂ ಕೈ ಹಿಡಿದುಕೊಂಡು ನಿಂತು, ರಾಜಿಯಾಗಿದ್ದೇವೆ ಎಂದರು. ಸಮತಾ ಇಬ್ಬರ ವಕೀಲರನ್ನೂ ನೋಡಿದಳು. ಇಬ್ಬರೂ ಹೊಸಬರು.

“ವಕೀಲಿ ಸುರು ಮಾಡಿ ಎಷ್ಟು ದಿನ ಆತು?”

“ಎರಡು ವರ್ಷರಿ, ಮೇಡಂ.”

ಅವಳು ಒಂದು ವರ್ಷದ ಮುಂದಿನ ತಾರೀಖು ಕೊಟ್ಟಳು. ಯಾರೂ ತಕರಾರು ಮಾಡಲಿಲ್ಲ.