ಹಾಲು ನೀರು ಬೇರ್ಪಡಿಸದ ಹಂಸದವರಿಗೆ

ವಿದ್ಯಾರಣ್ಯಪುರಂನ ನಮ್ಮ ಹಿತ್ತಲಲ್ಲಿ, ನಲ್ಲಿಯ ಪಕ್ಕದ ಬಾನಿಯಲ್ಲಿ ಬಿಜಯಂಗೈದಿರುವ ಹಂಸಕುಲತಿಲಕರ ಸನ್ನಿಧಾನಕ್ಕೆ,

ಮಾನ್ಯರೇ,

ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಹಿಡಿದುಕೊಂಡು ಮೂರು ಬಾರಿ ಬಾಗಿಲಿಗೆ ಬಂದವರನ್ನು, ಇನ್ನೂ ಸ್ನಾನ ಆಗಿಲ್ಲವೆಂದು ವಾಪಸ್ಸು ಕಳಿಸಿದ ಮಹದೇವು ಎಂಬ ನಾನು, ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ, ಅಲ್ಲಿಂದಾಚೆಗೆ ನನಗೆ ಕಲಿಸಲು ಮೇಷ್ಟ್ರುಗಳ ಬಳಿ ಏನೂ ಉಳಿಯದಿದ್ದುದರಿಂದ ಹೊರಬಂದವನು, ತಮ್ಮ ಜಾಲಪಾದಗಳಿಗೆ ನಮಸ್ಕರಿಸಿ, ಈ ಪತ್ರಿಕೆಯ ಮೂಲಕ ಬಹಿರಂಗವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನನ್ನ ತಂಗಿ ಭಾನುಪ್ರಿಯಾಳ ಮಗಳು, ಆರನೇ ತರಗತಿಯ ಗಗನ, ವಿಜ್ಞಾನದ ಕಿರುಪರೀಕ್ಷೆಯಲ್ಲಿ ‘ಮಿಶ್ರಣವನ್ನು ಬೇರ್ಪಡಿಸುವ ಒಂದು ವಿಧಾನ ಬರೆಯಿರಿ’ ಎಂಬ ಎರಡು ಅಂಕದ ಪ್ರಶ್ನೆಗೆ, ಸೋಸುವುದು, ಬಸಿಯುವುದು ಎಂಬ ಬಡಪಾಯಿ ಉತ್ತರಗಳನ್ನೆಲ್ಲ ಬಿಟ್ಟು, ನಾನು ಹೇಳಿಕೊಟ್ಟಂತೆ ‘ಹಾಲಿಗೆ ಬೆರೆತ ನೀರನ್ನು ಹಂಸ ಬೇರ್ಪಡಿಸುತ್ತದೆ’ ಎಂದು ಬರೆದಳು. ಸುಂದರೇಶ ಮೇಷ್ಟ್ರು ಸೊನ್ನೆ ಸುತ್ತಿದರು. ಮಗು ಊಟ ಬಿಟ್ಟಿತು, ತಂಗಿ ನನ್ನೊಡನೆ ಮಾತು ಬಿಟ್ಟಳು. ಅಂಕ ವಾಪಸ್ಸು ಕೊಡಿಸುತ್ತೇನೆಂದು ಮೀಸೆ ತಿರುವಿದ ನಾನು ಮಂಡಿ ಮೊಹಲ್ಲಾಕ್ಕೆ ಹೋಗಿ, ‘ಅಪ್ಪಟ ಹಂಸ ಕಣ್ರೀ, ಬೇಕಾದ್ರೆ ಕತ್ತು ನೋಡ್ಕಳಿ’ ಎಂದ ವ್ಯಾಪಾರಿಯಿಂದ ತಮ್ಮನ್ನು ಕೊಂಡು ತಂದೆ.

ಭಾನುವಾರ ಮೇಷ್ಟ್ರನ್ನು ಮನೆಗೇ ಕರೆಸಿ, ಬೋಗುಣಿಯಲ್ಲಿ ಹಾಲು ನೀರು ಬೆರೆಸಿ ಇಟ್ಟಾಗ ತಾವು ತೋರಿದ ಸಮದರ್ಶಿತ್ವವನ್ನು ಎಷ್ಟು ಹೊಗಳಿದರೂ ಸಾಲದು. ಹಾಲು ಮೇಲು, ನೀರು ಕೀಳು ಎಂಬ ಭೇದವೆಣಿಸದೆ ಎರಡನ್ನೂ ಒಟ್ಟಿಗೇ ಹೀರಿ, ಮಿಕ್ಕಿದ್ದರಲ್ಲಿ ಕಾಲಿಟ್ಟು ನಿಂತು, ಮೇಷ್ಟ್ರ ಇಸ್ತ್ರಿ ಪ್ಯಾಂಟಿನ ಮೇಲೆ ರೆಕ್ಕೆ ಕೊಡವಿದಿರಿ. ‘ಮೋಸಹೋಗ್ಬುಟ್ಟೆ ಕಣಣ್ಣ, ಇದು ಹಂಸ ಅಲ್ಲ, ಬಾತು! ತಂದ ನೀನು ಇದಕ್ಕಿಂತ ದೊಡ್ ಬಾತು!’ ಎಂದು ತಂಗಿ ಎಲ್ಲರೆದುರು ಅಂದಮೇಲೆ, ತಮ್ಮ ಕುಲಗೌರವ ಉಳಿಸಲೆಂದೇ ನಾನು, ಮೇಷ್ಟ್ರು ಪ್ಯಾಂಟು ಒರೆಸಿಕೊಳ್ಳುತ್ತಿದ್ದ ಸಮಯ ನೋಡಿ, ಬೋಗುಣಿಗೆ ಗುಟ್ಟಾಗಿ ಒಂದು ನಿಂಬೆಹಣ್ಣು ಹಿಂಡಿದೆ. ಹಾಲು ಒಡೆಯಿತು, ನೀರು ಬೇರೆಯಾಯಿತು, ನಾನು ‘ನೋಡಿ ಹಂಸದ ಮಹಿಮೆ!’ ಎಂದು ಕೂಗಿದೆ.

ಗಗನ ಬಗ್ಗಿ ನೋಡಿದಳು. ಒಡೆದ ಹಾಲಿನಿಂದ ಒಂದು ಬೀಜವನ್ನು ಎರಡು ಬೆರಳಲ್ಲಿ ಎತ್ತಿ, ‘ಸಾರ್, ಇದು ಕರಗಿಲ್ಲ. ಕೈಯಲ್ಲಿ ಆರಿಸಿ ಬೇರ್ಪಡಿಸೋ ವಿಧಾನ ಅಂದ್ರೆ ಇದೇ ಅಲ್ವಾ?’ ಎಂದಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕು, ಎರಡು ಅಂಕವನ್ನೂ ಅಲ್ಲೇ ಕೊಟ್ಟರು.

ಮಗುವಿನ ಅಂಕ ಬಂತು. ನನ್ನ ಮಾನ ಮಾತ್ರ ಸಕ್ಕರೆಯಂತೆ ಕರಗಿ, ಇಡೀ ಬೀದಿಗೆ ಸಮನಾಗಿ ಹರಡಿ, ಪಠ್ಯಪುಸ್ತಕ ಹೇಳುವ ಅಪ್ಪಟ ದ್ರಾವಣವಾಗಿಹೋಯಿತು. ಯಾವ ಮನೆಯ ಜಗಲಿಯಲ್ಲಿ ರುಚಿ ನೋಡಿದರೂ ಒಂದೇ ಸಿಹಿ.

ಆದ್ದರಿಂದ ತಾವು ಮುಂದಿನ ಪರೀಕ್ಷೆಯೊಳಗೆ ಉಪ್ಪು ಮರಳನ್ನಾದರೂ ಬೇರ್ಪಡಿಸಲು ಕಲಿಯಬೇಕೆಂದೂ, ಆಗದಿದ್ದರೆ ಕತ್ತನ್ನು ಇನ್ನೊಂದು ಗೇಣು ಬೆಳೆಸಿಕೊಳ್ಳಬೇಕೆಂದೂ, ನೆರೆಯವರು ಇಣುಕಿದಾಗ ‘ಕ್ವಾಕ್’ ಎನ್ನದೆ ಸಂಸ್ಕೃತದಲ್ಲಿ ಮೌನ ವಹಿಸಬೇಕೆಂದೂ ಕೋರುತ್ತೇನೆ.

ತಮ್ಮನ್ನು ಇನ್ನೂ ಹಂಸವೆಂದು ನಂಬಿರುವ ಈ ಬೀದಿಯ ಏಕೈಕ ವಿಶ್ವಾಸಿ,
ಮಹದೇವು

ತಾ.ಕ.: ತಮ್ಮ ಅಣ್ಣತಮ್ಮಂದಿರು ಅದೇ ವ್ಯಾಪಾರಿಯ ಪಕ್ಕದಂಗಡಿಯಲ್ಲಿ ನಾನೂರೈವತ್ತಕ್ಕೆ ಸಿಗುತ್ತಾರೆಂದು ನಿನ್ನೆ ತಿಳಿಯಿತು, ನಾನು ಕೊಟ್ಟದ್ದೂ ಅಷ್ಟೇ ಎಂದು ತಂಗಿಗೆ ಹೇಳಿದ್ದೇನೆ. ಅವಳು ಪತ್ರಿಕೆ ಓದುವುದಿಲ್ಲವಾದ್ದರಿಂದ ಇಲ್ಲಿ ಧೈರ್ಯವಾಗಿ ಬರೆಯುತ್ತೇನೆ: ಪಂಜರವೂ ಸೇರಿ ನಾಲ್ಕು ಸಾವಿರದ ಇನ್ನೂರು ರೂಪಾಯಿ.